ನಾಲ್ಕು ಶಾಸ್ತ್ರ, ನಾಲ್ಕು ಬದಿ

1973ರ ಮಾರ್ಚ್ ತಿಂಗಳು. ಯೆಸ್ ಎಂಬ ಇಂಗ್ಲಿಷ್ ರಾಕ್ ತಂಡ ಜಪಾನ್ ಪ್ರವಾಸದಲ್ಲಿತ್ತು. ಟೋಕಿಯೊದ ಹೋಟೆಲ್ ಕೋಣೆಯಲ್ಲಿ ತಂಡದ ಗಾಯಕ ಜಾನ್ ಆಂಡರ್ಸನ್ ಒಂದು ಪುಸ್ತಕ ಹಿಡಿದು ಕೂತಿದ್ದ. 83ನೇ ಪುಟದ ಕೆಳಗೆ ಒಂದು ಅಡಿಟಿಪ್ಪಣಿ ಇತ್ತು. ಹಿಂದೂ ಶಾಸ್ತ್ರಗ್ರಂಥಗಳಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ವಿಭಾಗಗಳಿವೆ. ಧರ್ಮ, ಕಾನೂನು, ವೈದ್ಯ, ಶಿಲ್ಪ, ಕಲೆ ಎಲ್ಲವೂ ಅವುಗಳ ವ್ಯಾಪ್ತಿಗೆ ಬರುತ್ತವೆ ಎಂಬುದು ಅದರ ಸಾರಾಂಶ. ಪುಸ್ತಕ ಪರಮಹಂಸ ಯೋಗಾನಂದರ 'ಯೋಗಿಯ ಆತ್ಮಕಥೆ'.

ನಮ್ಮಲ್ಲಿ ಯಾರಾದರೂ ಆಗಿದ್ದರೆ ಆ ಟಿಪ್ಪಣಿಯನ್ನು ಕಣ್ಣಾಡಿಸಿ ಪುಟ ತಿರುಗಿಸುತ್ತಿದ್ದೆವು. ಆಂಡರ್ಸನ್ ನಿಂತುಬಿಟ್ಟ. ನಾಲ್ಕು ವಿಭಾಗ ಎಂದರೆ ನಾಲ್ಕು ದೀರ್ಘ ಕೃತಿ. ನಾಲ್ಕು ಕೃತಿ ಎಂದರೆ ಎರಡು ಎಲ್‌ಪಿ ತಟ್ಟೆಗಳ ನಾಲ್ಕು ಬದಿ. ಹೀಗೆ ಹುಟ್ಟಿದ್ದು 'ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್'. ಎಂಬತ್ತು ನಿಮಿಷ ದಾಟುವ, ಬರೀ ನಾಲ್ಕು ಹಾಡುಗಳ ಆಲ್ಬಂ. ಪ್ರೊಗ್ರೆಸಿವ್ ರಾಕ್ ಎಂಬ ಪ್ರಕಾರವನ್ನು ಗೇಲಿ ಮಾಡಬೇಕೆನಿಸಿದವರಿಗೆಲ್ಲ ಐವತ್ತು ವರ್ಷಗಳಿಂದ ಮೊದಲು ಕೈಗೆ ಸಿಗುವ ಉದಾಹರಣೆ ಇದೇ.

ಗೇಲಿ ಮಾಡಿದವರಲ್ಲಿ ನಾನೂ ಒಬ್ಬ. ಪುಣೆಯ ಹಾಸ್ಟೆಲಿನಲ್ಲಿ ನನಗೆ ಇದು ಸಿಕ್ಕಿದ್ದು ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ. ನಕಲು ಮಾಡಿಕೊಟ್ಟ ಗೆಳೆಯನೇ "ಎರಡನೇ ಬದಿ ಬಂದಾಗ ಹೋಗಿ ಚಹಾ ಕುಡಿದು ಬಾ" ಅಂದಿದ್ದ. ಚಹಾ ಕುಡಿದು ಬಂದೆ, ಆಮೇಲೆ ಪೂರ್ತಿ ಕೇಳಲೇ ಇಲ್ಲ. ಆದರೆ ಅಭಿಪ್ರಾಯ ಮಾತ್ರ ಇತ್ತು. ಇಪ್ಪತ್ತು ವರ್ಷ ಎಲ್ಲರ ಮುಂದೆ ಅದನ್ನೇ ಹೇಳಿಕೊಂಡು ತಿರುಗಿದೆ. ಕಳೆದ ಮಳೆಗಾಲದಲ್ಲಿ ಠಾಣೆಯಿಂದ ದಾದರ್‌ಗೆ ಹೋಗುವ ಲೋಕಲ್ಲಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು, ದಿನಕ್ಕೊಂದು ಬದಿಯ ಲೆಕ್ಕದಲ್ಲಿ ಕೇಳತೊಡಗಿದೆ. ಆಗಲೇ ಗೊತ್ತಾದದ್ದು: ಆಲ್ಬಂ ನಿಜಕ್ಕೂ ಏರುಪೇರಾಗಿದೆ, ಆದರೆ ನಾನು ಹೇಳಿಕೊಂಡು ಬಂದ ಕಾರಣಕ್ಕಲ್ಲ.

ಮೊದಲು ಕಥೆ. ಆಂಡರ್ಸನ್‌ಗೆ ಈ ಪುಸ್ತಕದ ಬಗ್ಗೆ ಹೇಳಿದವನು ಕಿಂಗ್ ಕ್ರಿಮ್ಸನ್ ತಂಡದ ತಾಳವಾದ್ಯಗಾರ ಜೇಮಿ ಮ್ಯೂರ್. ಇಬ್ಬರೂ ಭೇಟಿಯಾದದ್ದು ಡ್ರಮ್ಮರ್ ಬಿಲ್ ಬ್ರೂಫರ್ಡ್‌ನ ಮದುವೆಯ ಔತಣದಲ್ಲಿ. ಬ್ರೂಫರ್ಡ್ ಅದರ ಹಿಂದಿನ ವರ್ಷವಷ್ಟೇ ಯೆಸ್ ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದ್ದ. ಮ್ಯೂರ್ ಸ್ವಲ್ಪ ದಿನದಲ್ಲೇ ಸಂಗೀತ ಬಿಟ್ಟು ಸ್ಕಾಟ್ಲೆಂಡಿನ ಬೌದ್ಧ ಮಠ ಸೇರಿದ. ಆಂಡರ್ಸನ್ ಮಠ ಸೇರಲಿಲ್ಲ, ಗಿಟಾರ್ ವಾದಕ ಸ್ಟೀವ್ ಹೋವ್‌ನ ಕೋಣೆಗೆ ಹೋದ. ಪ್ರವಾಸದ ಊರೂರಿನ ಹೋಟೆಲುಗಳಲ್ಲಿ ಇಬ್ಬರೇ ಕೂತು ಕೃತಿಯ ಚೌಕಟ್ಟು ಕಟ್ಟಿದರು. ಅಮೆರಿಕದ ಸವಾನಾದಲ್ಲಿ ಮೇಣದಬತ್ತಿಯ ಬೆಳಕಲ್ಲಿ ಬೆಳಗಿನವರೆಗೆ ಕೂತು ಅದನ್ನು ಮುಗಿಸಿದರು.

ಇಲ್ಲಿ ಒಂದು ಮಾತು ಗಮನಿಸಬೇಕು. ತಂಡದಲ್ಲಿ ಐವರಿದ್ದರು. ಬೇಸ್ ವಾದಕ ಕ್ರಿಸ್ ಸ್ಕ್ವೈರ್, ಹೊಸ ಡ್ರಮ್ಮರ್ ಅಲನ್ ವೈಟ್, ಕೀಬೋರ್ಡಿನ ರಿಕ್ ವೇಕ್‌ಮನ್ ಈ ಮೂವರ ಕೈಗೆ ಬಂದದ್ದು ಬಹುಮಟ್ಟಿಗೆ ಸಿದ್ಧವಾಗಿದ್ದ ನಕ್ಷೆ. ಮನೆಯ ನಕ್ಷೆ ಆದಮೇಲೆ ಬಂದವರು ಕಿಟಕಿ ಎಲ್ಲಿರಬೇಕು ಎಂದು ಕೇಳಬಹುದು, ಮನೆ ಇಷ್ಟು ದೊಡ್ಡದು ಬೇಕಾ ಎಂದು ಕೇಳುವಂತಿಲ್ಲ.

ಧ್ವನಿಮುದ್ರಣ ಎಲ್ಲಿ ಎಂಬುದರಿಂದಲೇ ಜಗಳ ಶುರು. ಆಂಡರ್ಸನ್‌ಗೆ ಹಳ್ಳಿಗಾಡು ಬೇಕಿತ್ತು, ಉಳಿದವರಲ್ಲಿ ಕೆಲವರಿಗೆ ಲಂಡನ್. ಕೊನೆಗೆ ಲಂಡನ್ನಿನ ಮಾರ್ಗನ್ ಸ್ಟುಡಿಯೊ ಎಂದಾಯಿತು, ಸಮಾಧಾನಕ್ಕೆಂದು ಒಳಗೆ ಹುಲ್ಲಿನ ಪೆಂಡಿ, ಬೇಲಿ, ಹಸುವಿನ ಆಕೃತಿ ತಂದಿಟ್ಟರು. ಬೇಸರಗೊಂಡ ವೇಕ್‌ಮನ್ ಅದೇ ಸ್ಟುಡಿಯೊದ ಇನ್ನೊಂದು ಭಾಗದಲ್ಲಿದ್ದ ಬ್ಲ್ಯಾಕ್ ಸಬ್ಬತ್ ತಂಡದ ಬಳಿ ಹೋಗಿ ಕೂರುತ್ತಿದ್ದ. ಅವರ ಒಂದು ಹಾಡಿಗೆ ಕೀಬೋರ್ಡ್ ಕೂಡ ನುಡಿಸಿಕೊಟ್ಟ.

ಆಲ್ಬಂ ಅಂಗಡಿಗೆ ಬರುವ ಮುಂಚೆಯೇ, ನವೆಂಬರಿನಲ್ಲಿ, ತಂಡ ಅದನ್ನು ಪೂರ್ತಿಯಾಗಿ ವೇದಿಕೆಯಲ್ಲಿ ನುಡಿಸತೊಡಗಿತು. ಪ್ರೇಕ್ಷಕರು ಒಂದು ಸ್ವರವನ್ನೂ ಮೊದಲು ಕೇಳದ ಎಂಬತ್ತು ನಿಮಿಷದ ಸಂಗೀತವನ್ನು ಎದುರಿಸಬೇಕಾಯಿತು. ಮ್ಯಾಂಚೆಸ್ಟರಿನ ಕಛೇರಿಯ ಮಧ್ಯೆ ವೇಕ್‌ಮನ್ ಕೀಬೋರ್ಡಿನ ಮೇಲೆಯೇ ಕರಿ ಇಟ್ಟುಕೊಂಡು ಊಟ ಮಾಡಿದ್ದು ಅವನೇ ಹಲವು ಸಲ ಹೇಳಿಕೊಂಡ ಕಥೆ. ಶಾಸ್ತ್ರಗಳ ಕುರಿತ ಕೃತಿಯಲ್ಲಿ ಭಾರತದಿಂದ ಬಂದ ಇನ್ನೊಂದು ವಸ್ತುವೂ ಹೀಗೆ ಸೇರಿಕೊಂಡಿತು! ಆಲ್ಬಂ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ, ಅಮೆರಿಕದಲ್ಲಿ ಆರನೇ ಸ್ಥಾನಕ್ಕೆ ಹೋಯಿತು. ವಿಮರ್ಶಕರು ಹೊಗಳಿದ್ದಕ್ಕಿಂತ ಬೈದದ್ದೇ ಹೆಚ್ಚು. 1974ರ ಮೇ ತಿಂಗಳಲ್ಲಿ ವೇಕ್‌ಮನ್ ತಂಡ ಬಿಟ್ಟ. ಕೆಲವೇ ವರ್ಷಗಳಲ್ಲಿ ಪಂಕ್ ಬಂತು, ಮೂರು ನಿಮಿಷದ ಸಿಟ್ಟಿನ ಹಾಡುಗಳ ಮುಂದೆ ಇಪ್ಪತ್ತು ನಿಮಿಷದ ಧ್ಯಾನ ನಗೆಪಾಟಲಾಯಿತು.

ಆಗಿನಿಂದ ಉಳಿದುಬಂದ ಆರೋಪ ಒಂದೇ: ಉದ್ದ ಜಾಸ್ತಿ. ಈ ಆರೋಪ ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಬೇಕು. ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ಚಳಿಗೆ ಶಾಲು ಹೊದ್ದು ಕೂತವರಿಗೆ ಒಂದೇ ರಾಗದ ಒಂದು ಗಂಟೆ ಉದ್ದವಲ್ಲ. ಅದೇ ಪರಂಪರೆಯ ಅಬ್ದುಲ್ ಕರೀಂ ಖಾನ್ ಸಾಹೇಬರು 78 ಆರ್‌ಪಿಎಂ ತಟ್ಟೆಗೆ ಹಾಡಿದಾಗ ಮೂರು ಚಿಲ್ಲರೆ ನಿಮಿಷದಲ್ಲಿ ಮುಗಿಸಬೇಕಿತ್ತು, ಮುಗಿಸಿದರು. ಉದ್ದವೂ ಗಿಡ್ಡವೂ ತಪ್ಪಲ್ಲ. ಯಾರು ಅಳತೆ ಹಾಕುತ್ತಾರೆ ಎಂಬುದು ಪ್ರಶ್ನೆ. ಖಾನ್ ಸಾಹೇಬರಿಗೆ ಅಳತೆ ಹಾಕಿದ್ದು ಯಂತ್ರ. ಯೆಸ್ ತಂಡಕ್ಕೆ?

ಇದಕ್ಕೆ ಹಿಂದಿನ ವರ್ಷದ ಆಲ್ಬಂ ನೋಡಬೇಕು. 1972ರ 'ಕ್ಲೋಸ್ ಟು ದಿ ಎಡ್ಜ್'. ಅದರ ಶೀರ್ಷಿಕೆ ಹಾಡು ಹದಿನೆಂಟು ನಿಮಿಷ ದಾಟುತ್ತದೆ, ಒಂದು ಇಡೀ ಬದಿ. ಅದಕ್ಕೂ ಪ್ರೇರಣೆ ಭಾರತದ ಕಡೆಯದೇ, ಹರ್ಮನ್ ಹೆಸ್ಸೆಯ 'ಸಿದ್ಧಾರ್ಥ' ಕಾದಂಬರಿ. ಅದು ಉದ್ದವಾಯಿತೆಂದು ಯಾರೂ ದೂರಲಿಲ್ಲ. ಯಾಕೆಂದರೆ ಅದು ಬೆಳೆಯುತ್ತಾ ಹೋಗಿ ಅಷ್ಟುದ್ದ ಆಯಿತು. ಉಳಿದ ಎರಡು ಹಾಡುಗಳು ಇನ್ನೊಂದು ಬದಿಯಲ್ಲಿ ತಮಗೆ ಬೇಕಾದಷ್ಟು ಜಾಗ ಹಿಡಿದವು.

'ಟೇಲ್ಸ್'ನಲ್ಲಿ ಹಾಗಲ್ಲ. ಎಲ್‌ಪಿಯ ಒಂದು ಬದಿಗೆ ಆರಾಮವಾಗಿ ಹಿಡಿಸುವುದು ಸುಮಾರು ಇಪ್ಪತ್ತು ನಿಮಿಷ. ಅದಕ್ಕಿಂತ ಹೆಚ್ಚು ತುಂಬಿದರೆ ತಟ್ಟೆಯ ಗೆರೆಗಳು ಕಿರಿದಾಗಿ ಸದ್ದು ಸೊರಗುತ್ತದೆ. ನಾಲ್ಕು ಶಾಸ್ತ್ರಗಳಿಗೆ ನಾಲ್ಕು ಬದಿ ಎಂದು ನಿಶ್ಚಯವಾದ ಕ್ಷಣವೇ ಪ್ರತಿ ಶಾಸ್ತ್ರಕ್ಕೂ ಇಪ್ಪತ್ತು ನಿಮಿಷದ ಪಾಲು ಹಂಚಿಕೆಯಾಗಿಹೋಯಿತು. ಹೇಳುವುದು ಹನ್ನೆರಡು ನಿಮಿಷದ್ದಿದ್ದರೂ ಇಪ್ಪತ್ತು ತುಂಬಬೇಕು. ಒಂದು ತಟ್ಟೆಗೆ ಹೆಚ್ಚಾಗುವಷ್ಟು, ಎರಡು ತಟ್ಟೆಗೆ ಸಾಲದಷ್ಟು ಸಂಗೀತ ಅಲ್ಲಿತ್ತು ಎಂಬುದು ವೇಕ್‌ಮನ್‌ನ ದೂರು. ಕೀಬೋರ್ಡಿನ ಮೇಲೆ ಉಂಡವನ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ.

ಬದಿ ಬದಿಯಾಗಿ ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಮೊದಲನೆಯದು, ಶ್ರುತಿಯದು, ಮಂತ್ರದಂತೆ ಒಂದೇ ಸ್ವರದ ಸುತ್ತ ಸುಳಿಯುವ ಹಾಡುಗಾರಿಕೆಯಿಂದ ಶುರುವಾಗಿ, ಹಿಂದೆ ಬಂದ ಸ್ವರಗುಚ್ಛಗಳನ್ನು ಮತ್ತೆ ಮತ್ತೆ ಹೊಸ ಬೆಳಕಲ್ಲಿ ತೋರಿಸುತ್ತದೆ. ಕೊನೆಯ ಹೊತ್ತಿಗೆ, ಅಷ್ಟೊಂದು ಮುನಿಸಿಕೊಂಡಿದ್ದ ವೇಕ್‌ಮನ್ ನುಡಿಸುವ ಸಿಂಥಸೈಸರ್ ಭಾಗ ಇಡೀ ಆಲ್ಬಂನ ಒಳ್ಳೆಯ ಕ್ಷಣಗಳಲ್ಲಿ ಒಂದು. ನಾಲ್ಕನೆಯದು, ತಂತ್ರದ್ದು, ಸ್ಕ್ವೈರ್‌ನ ಬೇಸ್, ನಂತರ ಚಂಡೆಮದ್ದಳೆಯಂತೆ ಮೈಮೇಲೆ ಬರುವ ತಾಳವಾದ್ಯಗಳ ದಾಳಿ, ಅದು ಅಡಗಿದ ಮೇಲೆ ಒಂದು ಮೆಲುದನಿಯ ಹಾಡು. ಇವೆರಡೂ ಇಪ್ಪತ್ತು ನಿಮಿಷಕ್ಕೆ ಅರ್ಹವಾದವು.

ಎರಡನೆಯದು, ಸ್ಮೃತಿ, ಸೊರಗಿದೆ. ಚಂದದ ರಾಗಗಳಿವೆ, ಅವು ಮರಳಿ ಬಂದಾಗ ಏನೂ ಬದಲಾಗಿರುವುದಿಲ್ಲ. ನೆನಪು ಎಂದರೆ ಬರೀ ಪುನರಾವರ್ತನೆ ಎಂದುಕೊಂಡಂತಿದೆ. ನನ್ನ ಹಾಸ್ಟೆಲ್ ಗೆಳೆಯ ತೀರ ತಪ್ಪು ಹೇಳಿರಲಿಲ್ಲ.

ಮೂರನೆಯದು ನನ್ನನ್ನು ತಿದ್ದಿತು. ಪುರಾಣದ ಈ ಬದಿಯ ಮೊದಲ ಹನ್ನೆರಡು ನಿಮಿಷ ಒರಟು: ಲೋಹದ ಸದ್ದು, ಮುರಿದ ಲಯ, ಚೀರುವ ಸ್ಟೀಲ್ ಗಿಟಾರ್, ಹಲವು ಭಾಷೆಗಳಲ್ಲಿ ಸೂರ್ಯನ ಹೆಸರುಗಳ ಪಠಣ. ಅದರ ನಂತರ ಹೋವ್ ಒಬ್ಬನೇ ಅಕೂಸ್ಟಿಕ್ ಗಿಟಾರ್ ಹಿಡಿಯುತ್ತಾನೆ, ಆಂಡರ್ಸನ್ ಒಂದು ಪುಟ್ಟ ಹಾಡು ಹಾಡುತ್ತಾನೆ. ಎಲ್ಲರೂ ಮೆಚ್ಚುವ ಭಾಗ ಅದು. ವೇಕ್‌ಮನ್ ಬಯಸಿದಂತೆ ನಾನೇ ಕತ್ತರಿ ಹಾಕಿ ಐವತ್ತು ನಿಮಿಷದ ಪಟ್ಟಿಯೊಂದನ್ನು ಫೋನಿನಲ್ಲಿ ಮಾಡಿಕೊಂಡೆ, ಒರಟು ಭಾಗ ತೆಗೆದು ನೇರ ಗಿಟಾರಿಗೆ ಬಂದೆ. ಮೂರು ದಿನ ಕೇಳಿದೆ. ಹಾಡು ಅದೇ, ಆದರೆ ಸಪ್ಪೆಯಾಗಿತ್ತು. ಬಿಸಿಲಲ್ಲಿ ನಡೆಯದೆ ಮರದ ನೆರಳಿಗೆ ಬಂದಂತೆ. ನಾಲ್ಕನೇ ದಿನ ಪಟ್ಟಿ ಅಳಿಸಿದೆ.

ಎಂದರೆ ಈ ಆಲ್ಬಂನಲ್ಲಿ ಎರಡು ಬಗೆಯ ಜಡತೆ ಇದೆ. ಒಂದು ಮುಂದೆ ಬರುವುದಕ್ಕೆ ನೆಲ ಹದಮಾಡುತ್ತದೆ, ಇನ್ನೊಂದು ಬರೀ ಜಾಗ ತುಂಬುತ್ತದೆ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಬೈದವರು ಎರಡನ್ನೂ ಬೈದರು, ಭಕ್ತರು ಎರಡನ್ನೂ ಸಮರ್ಥಿಸಿದರು. ಬಿಡಿಸಿ ನೋಡುವ ತಾಳ್ಮೆ ಇಬ್ಬರಿಗೂ ಇರಲಿಲ್ಲ.

ಶಾಸ್ತ್ರಗಳ ವಿಷಯಕ್ಕೆ ಬಂದರೆ, ಇಲ್ಲಿ ಶ್ರುತಿಯೂ ಇಲ್ಲ ಸ್ಮೃತಿಯೂ ಇಲ್ಲ ಎಂದು ನಾವು ಮೂಗು ಮುರಿಯಬಹುದು. ಪೂರ್ವದ ಜ್ಞಾನ ಪಶ್ಚಿಮವನ್ನು ಗೆದ್ದಿತು ಎಂದು ಬೀಗಲೂಬಹುದು. ಎರಡಕ್ಕೂ ಆಧಾರ ಕಮ್ಮಿ. ಆಂಡರ್ಸನ್‌ಗೆ ಸಿಕ್ಕಿದ್ದು ಶಾಸ್ತ್ರವಲ್ಲ, ಶಾಸ್ತ್ರಗಳ ಪಟ್ಟಿ. ಪಟ್ಟಿಯಲ್ಲಿ ನಾಲ್ಕೂ ಹೆಸರುಗಳು ಸಮಾನವಾಗಿ ಒಂದರ ಪಕ್ಕ ಒಂದು ಕೂರುತ್ತವೆ. ಪರಂಪರೆಯೊಳಗೆ ಹಾಗಿಲ್ಲ, ಶ್ರುತಿಯ ಪ್ರಾಮಾಣ್ಯ ಸ್ಮೃತಿಗಿಲ್ಲ, ಪುರಾಣದ ಹರಹು ಬೇರೆಯೇ. ನಾಲ್ಕಕ್ಕೂ ಸಮಪಾಲು ಹಂಚಿದ್ದು ಪಟ್ಟಿ ಮತ್ತು ತಟ್ಟೆ ಸೇರಿ ಮಾಡಿದ ಕೆಲಸ. ಅದೇ ಪುಸ್ತಕದಲ್ಲಿ ಯೋಗಾನಂದರು 1935ರಲ್ಲಿ ಮೈಸೂರಿಗೆ ಬಂದದ್ದರ ಒಂದು ಅಧ್ಯಾಯವೂ ಇದೆ. ಅಲ್ಲಿ ಪಟ್ಟಿ ಇಲ್ಲ, ಕಂಡ ಊರು ಮತ್ತು ಜನರಿದ್ದಾರೆ. ಆಂಡರ್ಸನ್ ಆ ಅಧ್ಯಾಯದಿಂದ ಹೊರಟಿದ್ದರೆ ಏನಾಗುತ್ತಿತ್ತೋ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಆದರೂ ಒಂದು ಅಡಿಟಿಪ್ಪಣಿಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡು, ಗೆದ್ದಿದ್ದ ದಾರಿ ಬಿಟ್ಟು, ಜೊತೆಗಾರನನ್ನೂ ಕಳೆದುಕೊಂಡು ಮಾಡಿದ ಕೆಲಸ ಅದು. ಅದರ ಬಗ್ಗೆ ತೀರ್ಪು ಕೊಡುವ ಮೊದಲು ಎಂಬತ್ತು ನಿಮಿಷ ಕೂತು ಕೇಳುವ ಸಾಲ ನನ್ನ ಮೇಲಿತ್ತು. ಇಪ್ಪತ್ತು ವರ್ಷ ತಡವಾಗಿ ತೀರಿಸಿದೆ.

ನೀವು ಕೇಳುವುದಾದರೆ ಒಟ್ಟಿಗೆ ಕೇಳಬೇಡಿ. ಮೊದಲ ದಿನ ನಾಲ್ಕನೇ ಬದಿ, ಮರುದಿನ ಮೊದಲನೆಯದು, ಆಮೇಲೆ ಮೂರನೆಯದು, ಪೂರ್ತಿಯಾಗಿ. ಎರಡನೆಯದು ಬಂದಾಗ ಬೇಕಿದ್ದರೆ ಚಹಾಕ್ಕೆ ಎದ್ದು ಹೋಗಿ. ಒಂದು ಸಲ ಪೂರ್ತಿ ಕೇಳಿದ ಮೇಲೆ ಮಾತ್ರ.