ಜಗಲಿಯ ಮೇಲಿನ ವಿಮರ್ಶೆ

ಓದುತ್ತಿರುವ ಪುಸ್ತಕ ಅರ್ಧಕ್ಕೆ ಬರುವ ಮುನ್ನವೇ ಅದರ ಬಗ್ಗೆ ಒಂದು ಮಾತು ಹೇಳಿಬಿಡುವ ಚಪಲ ಯಾರಿಗಿಲ್ಲ? ಸಾಹಿತ್ಯ ಚರಿತ್ರೆ ಈ ಮಾತುಗಳನ್ನು ಲೆಕ್ಕಕ್ಕೆ ಇಟ್ಟುಕೊಂಡಂತಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಂತೂ ಅದಕ್ಕೊಂದು ಸೊಗಸಿದೆ. ಓದುವುದು ಕನ್ನಡದಲ್ಲಿ, ಅಭಿಪ್ರಾಯ ಹೊರಡುವುದು ಎಷ್ಟೋ ಮನೆಗಳಲ್ಲಿ ತೆಲುಗಿನಲ್ಲಿ.

ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಹಳೇ ಮೈಸೂರಿನ ಹಳ್ಳಿಗಳಲ್ಲಿ ಓದು ಎಂದರೆ ಹತ್ತು ಜನರ ಕೆಲಸ. ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಬಿಡಿಸುವುದು, ಉಳಿದವರು ಸುತ್ತ ಕೂತು ಕೇಳುವುದು. ಕರ್ಣನಿಗೆ ಆದದ್ದು ನ್ಯಾಯವೇ ಎಂದು ತಕರಾರು ತೆಗೆಯಲು ಓದು ಬರಲೇಬೇಕೆಂಬ ನಿಯಮವಿರಲಿಲ್ಲ. ಹೆಬ್ಬೆಟ್ಟು ಒತ್ತುವವನಿಗೂ ಪುಸ್ತಕದ ಮೇಲೆ ಹಕ್ಕಿತ್ತು! ಬಳೆ ಮಲಾರ ಹೊತ್ತು ಊರೂರು ತಿರುಗಿದರೆಂದು ಪ್ರತೀತಿಯಿರುವ ಕೈವಾರದ ಯೋಗಿ ನಾರೇಯಣರು ತೆಲುಗು, ಕನ್ನಡ ಎರಡರಲ್ಲೂ ಹಾಡಿದ್ದು ಇಂಥ ಕೇಳುಗರಿಗಾಗಿಯೇ.

ಆಮೇಲೆ ವಾರಪತ್ರಿಕೆಗಳು ಬಂದವು. 1965ರಲ್ಲಿ 'ಸುಧಾ', 1983ರಲ್ಲಿ 'ತರಂಗ'. ಧಾರಾವಾಹಿಯ ಮುಂದಿನ ಕಂತಿಗೆ ಒಂದು ವಾರ ಕಾಯಬೇಕಿದ್ದರಿಂದ ಊಹಾಪೋಹಕ್ಕೆ ಏಳು ದಿನದ ಬಿಡುವು. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಗಳು ಕನ್ನಡಕ್ಕೆ ಬಂದಾಗ ಈ ಭಾಗದ ಓದುಗರಿಗೆ ಮೂಲವನ್ನೂ ಅನುವಾದವನ್ನೂ ತೂಗಿ ನೋಡುವ ಅನುಕೂಲವಿತ್ತು. ವಿಶ್ವವಿದ್ಯಾಲಯಗಳು ಇದನ್ನೇ ತೌಲನಿಕ ಅಧ್ಯಯನ ಎನ್ನುತ್ತವೆ.

ಚಿಂತಾಮಣಿಯವರಿಗೆ ಇನ್ನೊಂದು ಇಕ್ಕಟ್ಟು. ಶಿಡ್ಲಘಟ್ಟ ತಾಲ್ಲೂಕಿನ ಚೀಮಂಗಲದಲ್ಲಿ 1946ರಲ್ಲಿ ಹುಟ್ಟಿದ ಕವಿ ಬಿ.ಆರ್. ಲಕ್ಷ್ಮಣರಾವ್ ದೀರ್ಘಕಾಲ ಬಾಳಿದ್ದು ಇದೇ ಊರಿನಲ್ಲಿ. 'ಗೋಪಿ ಮತ್ತು ಗಾಂಡಲೀನ'ದ ಬಗ್ಗೆ ಟೀಕೆ ಮಾಡುವ ಮುನ್ನ ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡಿಕೊಳ್ಳುವುದು ಒಳಿತಿತ್ತೇನೋ.

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪುಸ್ತಕಗಳನ್ನು ಊರೂರಿಗೆ ತಲುಪಿಸಿತು. ಮನೆಗಂದಾಯದ ಜೊತೆ ನಾವು ಕಟ್ಟುವ ಗ್ರಂಥಾಲಯ ಕರ ಅದರದೇ ಕೂಸು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ 2011ರ ಜನಗಣತಿಯ ಹೊತ್ತಿಗೆ ಸಾಕ್ಷರತೆ ಶೇ. 70ರ ಸಮೀಪ ಬಂದಿತ್ತು. ಓದಲು ಇನ್ನೊಬ್ಬರ ಬಾಯಿ ಬೇಕಿಲ್ಲವೆಂದಾಯಿತು; ಜಗಲಿಯ ಗುಂಪು ಅಲ್ಲಿಗೆ ಚದುರಿತು. ಆ ಗುಂಪಿನ ತೆಲುಗು ಮಾತುಗಳನ್ನು ಬರೆದಿಟ್ಟುಕೊಂಡವರು ಕಡಿಮೆ. ಅವನ್ನು ಕೇಳಿದ ಹಿರಿಯರು ಇನ್ನೂ ಅಲ್ಲಲ್ಲಿ ಸಿಗುತ್ತಾರೆ. ಗ್ರಂಥಾಲಯದ ಗೋಡೆಯ ಮೇಲೆ 'ನಿಶ್ಶಬ್ದ' ಎಂಬ ಫಲಕವಿರುವುದರಿಂದ ಅವರನ್ನು ಹೊರಗಿನ ಮೆಟ್ಟಿಲ ಮೇಲೆಯೇ ಮಾತನಾಡಿಸಬೇಕು.