ತದಡಿಯ ತೀರದಿಂದ ರೂಮ್ ದೇಶಕ್ಕೆ

ಸಮುದ್ರವಿಲ್ಲದ ಸೀಮೆಯವರಿಗೆ ಸಮುದ್ರದರ್ಶನವೆಂಬುದು ಯಾತ್ರೆಯೂ ಅಹುದು, ವಿನೋದವೂ ಅಹುದು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಕಡೆಯಿಂದ ಪಡುವಣ ಕರಾವಳಿಗೆ ಹೋಗುವ ಕುಟುಂಬಗಳು ಗೋಕರ್ಣದಲ್ಲಿ ಕೋಟಿತೀರ್ಥದ ಸ್ನಾನವನ್ನೂ ಮಹಾಬಲೇಶ್ವರನ ದರ್ಶನವನ್ನೂ ತೀರಿಸಿಕೊಂಡು, ಕುಡ್ಲೆ, ಓಂ ಮೊದಲಾದ ಮರಳುದಂಡೆಗಳಲ್ಲಿ ಒಂದೆರಡು ದಿನ ವಿಹರಿಸಿ ಹಿಂದಿರುಗುವುದುಂಟು. ಅಲ್ಲಿಂದ ಕೆಲವೇ ಮೈಲಿ ದಕ್ಷಿಣಕ್ಕೆ, ಅಘನಾಶಿನೀ ನದಿಯು ಕಡಲನ್ನು ಕೂಡುವ ಎಡೆಯಲ್ಲಿರುವ ತದಡಿಯವರೆಗೆ ಹೋಗುವವರು ವಿರಳ. ಹೋದವರಲ್ಲಿಯೂ, ದೇವನಹಳ್ಳಿಯಲ್ಲಿ ಹುಟ್ಟಿದ ದೊರೆಯೊಬ್ಬನ ಕಾರ್ಯಾರ್ಥವಾಗಿ ಸುಮಾರು 900 ಜನರು ಈ ದಡದಿಂದ ತುರ್ಕಿಯ ರಾಜಧಾನಿಗೆ ಹೊರಟರೆಂಬುದನ್ನೂ, ಅವರಲ್ಲಿ ಬೆರಳೆಣಿಕೆಯ ಮಂದಿ ಮಾತ್ರ ಮರಳಿ ತಾಯ್ನಾಡನ್ನು ಕಂಡರೆಂಬುದನ್ನೂ ಬಲ್ಲವರು ಇನ್ನೂ ಕಡಮೆ.

ಈ ತೀರದ ಖ್ಯಾತಿಯು ಬಹು ಪುರಾತನವಾದುದು. ರಾವಣನ ಕೈಯಿಂದ ಆತ್ಮಲಿಂಗವು ನೆಲವನ್ನು ಸೇರಿದ ಕಥೆಯು ಕನ್ನಡ ಮಕ್ಕಳಿಗೆಲ್ಲ ತಿಳಿದದ್ದೇ ಆಗಿದೆ. ಕಾಳಿದಾಸನು ರಘುವಂಶದಲ್ಲಿ ದಕ್ಷಿಣಸಮುದ್ರತೀರದ ಗೋಕರ್ಣೇಶ್ವರನನ್ನು ಸ್ಮರಿಸಿರುವನು. 1665ರಲ್ಲಿ ಬಸರೂರಿನ ಮೇಲೆ ದಾಳಿಯಿಟ್ಟ ಶಿವಾಜಿಯು ಹಿಂದಿರುಗುವಾಗ ಇಲ್ಲಿ ಸ್ನಾನದರ್ಶನಗಳನ್ನು ಮಾಡಿದನು. ಆದರೆ ಈ ತೀರವು ಯಾತ್ರಿಕರಿಗೆ ಮಾತ್ರವೇ ಮೀಸಲಾಗಿರಲಿಲ್ಲ. ಘಟ್ಟದ ಮೇಲಿನ ಮೆಣಸು ಅಘನಾಶಿನಿಯ ಮಾರ್ಗವಾಗಿ ಇಳಿದುಬಂದು ಇಲ್ಲಿಯ ಹಡಗುಗಳನ್ನು ಸೇರುತ್ತಿತ್ತು. ನದಿಯ ಒಳಬದಿಯಲ್ಲಿರುವ ಮಿರ್ಜಾನಿನ ಕೋಟೆಯು ಆ ವ್ಯಾಪಾರದ ಕಾವಲಿಗೆ ನಿಂತುದು.

ಮೈಸೂರಿನವರಿಗೆ ಈ ಕರಾವಳಿಯು ದೊರೆತದ್ದು 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ತರುವಾಯ. ಅದಕ್ಕೆ 14 ವರ್ಷಗಳ ಹಿಂದೆ, 1749ರಲ್ಲಿ, ದೇವನಹಳ್ಳಿಯ ಮುತ್ತಿಗೆಯಲ್ಲಿಯೇ ಅವನ ಪರಾಕ್ರಮವು ಮೊದಲು ಬೆಳಕಿಗೆ ಬಂದಿತ್ತು. ಅವನ ಮಗ ಟೀಪುವು ಜನಿಸಿದ್ದೂ ಆ ಊರಿನಲ್ಲಿಯೇ. ಹೀಗೆ ಬಯಲುಸೀಮೆಯಲ್ಲಿ ತಲೆಯೆತ್ತಿದ ಮನೆತನವೊಂದು ಒಮ್ಮೆಗೇ ಕಡಲಿನೊಡನೆ ವ್ಯವಹರಿಸಬೇಕಾಯಿತು. ಶ್ರೀಗಂಧ, ಮೆಣಸು, ಏಲಕ್ಕಿಗಳು ಕೈಯಲ್ಲಿದ್ದುವು. ಆದರೆ ಸಮುದ್ರದ ಮೇಲೆ ಇಂಗ್ಲಿಷರ ಕೈ ಮೇಲಾಗಿತ್ತು. 1784ರ ಮಂಗಳೂರಿನ ಒಪ್ಪಂದದಿಂದ ಯುದ್ಧವು ನಿಂತಿತಾದರೂ ವೈರವು ನಿಲ್ಲಲಿಲ್ಲ. ಮಿತ್ರರನ್ನೂ ಮಾರುಕಟ್ಟೆಯನ್ನೂ ದೂರದೇಶಗಳಲ್ಲಿ ಅರಸುವುದು ಟೀಪುವಿಗೆ ಅನಿವಾರ್ಯವಾಯಿತು.

ಆ ಉದ್ದೇಶದಿಂದಲೇ 1786ನೆಯ ಮಾರ್ಚಿ 9ರಂದು ತದಡಿಯಿಂದ ನಾಲ್ಕು ಹಡಗುಗಳು ಹಾಯಿಯೇರಿಸಿದುವು. ಗುಲಾಂ ಅಲಿ ಖಾನನು ನಿಯೋಗದ ಮುಖ್ಯಸ್ಥನು. ಕಾರ್ಯದರ್ಶಿಯಾದ ಖ್ವಾಜಾ ಅಬ್ದುಲ್ ಖಾದಿರನು ಪ್ರಯಾಣದ ವೃತ್ತಾಂತವನ್ನು ಪಾರಸಿ ಭಾಷೆಯಲ್ಲಿ ಬರೆದಿಡುತ್ತ ಹೋದನು. ತುರ್ಕಿಯನ್ನು ಆಗ ಈ ನಾಡಿನ ಮುಸಲ್ಮಾನರು ‘ರೂಮ್’ ಎಂದು ಕರೆಯುತ್ತಿದ್ದರು. ಹಡಗುಗಳಲ್ಲಿ ರಾಯಭಾರಿಗಳಲ್ಲದೆ ಸಿಪಾಯಿಗಳು, ಸೇವಕರು, ನಾವಿಕರು ಇದ್ದರು. ಮಾರಾಟದ ಸರಕು ಇದ್ದಿತು. ನಾಲ್ಕು ಆನೆಗಳೂ ಇದ್ದುವು. ಮೊದಲಿನ ಏರ್ಪಾಡಿನಂತೆ ನಿಯೋಗವು ತುರ್ಕಿಯಿಂದ ಮುಂದೆ ಫ್ರಾನ್ಸಿಗೂ ಇಂಗ್ಲೆಂಡಿಗೂ ಹೋಗಬೇಕಾಗಿದ್ದಿತು.

ಬೇಡಿಕೆಗಳು ಹಲವು. ಟೀಪುವಿನ ರಾಜಪದವಿಗೆ ಖಲೀಫನೂ ಆಗಿದ್ದ ಸುಲ್ತಾನನ ಮನ್ನಣೆ ಒಂದು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಮತ್ತೊಂದು. ಬಂದೂಕು, ಗಡಿಯಾರ, ಗಾಜು, ಪಿಂಗಾಣಿಗಳನ್ನು ಮಾಡಬಲ್ಲ ಕುಶಲಕರ್ಮಿಗಳು ಇನ್ನೊಂದು. ಎಲ್ಲಕ್ಕಿಂತ ಗಮನಾರ್ಹವಾದುದು ಬಂದರುಗಳ ವಿನಿಮಯ. ಬಸ್ರಾ ಬಂದರನ್ನು ಮೈಸೂರಿನವರಿಗೆ ಗುತ್ತಿಗೆಗೆ ಕೊಡಬೇಕು, ಬದಲಾಗಿ ಮಂಗಳೂರಿನಲ್ಲಿ ತುರ್ಕರಿಗೆ ಅಂತಹುದೇ ಸೌಕರ್ಯವು ದೊರೆಯುವುದು ಎಂಬುದು ಅದರ ತಾತ್ಪರ್ಯ. ಸಮುದ್ರವ್ಯಾಪಾರವೇ ಇಂಗ್ಲಿಷರ ಬಲದ ಬೇರೆಂಬುದನ್ನು ಅರಿತವನು ಮಾತ್ರವೇ ಇಂತಹ ಪ್ರಸ್ತಾವವನ್ನು ಕಳುಹಬಲ್ಲನು.

ಆದರೆ ದಾರಿಯು ನಿಷ್ಕರುಣವಾಗಿದ್ದಿತು. ಮಸ್ಕತ್, ಬುಷೈರ್‌ಗಳನ್ನು ಹಾಯ್ದು ಬಸ್ರಾವನ್ನು ಮುಟ್ಟುವಷ್ಟರಲ್ಲಿಯೂ ಮುಟ್ಟಿದ ಮೇಲೆಯೂ ಹಡಗುಗಳಿಗೆ ಆಪತ್ತುಗಳು ಒದಗಿದುವು. ಅಲ್ಲಿಂದ ಬಾಗ್ದಾದಿನ ಮಾರ್ಗವಾಗಿ ನೆಲದ ಮೇಲೆ ಸಾಗಿದ ನಿಯೋಗವು ಕಾನ್‌ಸ್ಟಾಂಟಿನೋಪಲನ್ನು ಸೇರಿದುದು 1787ರಲ್ಲಿ, ಹೊರಟು ವರ್ಷಕ್ಕೂ ಮೇಲ್ಪಟ್ಟು ಕಾಲ ಕಳೆದ ಮೇಲೆ. ದುರ್ದೈವವೆಂದರೆ, ಆ ವರ್ಷವೇ ತುರ್ಕಿಗೂ ರಷ್ಯಕ್ಕೂ ಯುದ್ಧವು ಮೊದಲಾಯಿತು. ಸುಲ್ತಾನ್ ಒಂದನೆಯ ಅಬ್ದುಲ್ ಹಮೀದನಿಗೆ ತನ್ನ ರಾಜ್ಯದ ರಕ್ಷಣೆಯೇ ಚಿಂತೆಯಾಗಿದ್ದಾಗ, ಇಂಗ್ಲಿಷರ ಸ್ನೇಹವನ್ನು ಕೆಡಿಸಿಕೊಳ್ಳುವುದು ಹೇಗೆ? ರಾಯಭಾರಿಗಳಿಗೆ ಮರ್ಯಾದೆ ದೊರೆಯಿತು. ಟೀಪುವಿನ ಪದವಿಗೆ ಮನ್ನಣೆಯೂ ದೊರೆಯಿತು. ಸೈನ್ಯವಾಗಲಿ ಬಸ್ರಾ ಆಗಲಿ ದೊರೆಯಲಿಲ್ಲ. ಅಷ್ಟರಲ್ಲಿ ಪ್ಲೇಗು ಮೊದಲಾದ ರೋಗಗಳು ಪರಿವಾರವನ್ನು ಕಬಳಿಸುತ್ತಿದ್ದುವು.

ಅಲ್ಲಿಂದ ಮುಂದಕ್ಕೆ ಪ್ಯಾರಿಸಿಗೆ ಹೋಗುವ ಯೋಚನೆಯು ನಿಂತುಹೋಯಿತು. ಫ್ರಾನ್ಸಿಗೆ ಬೇರೊಂದು ನಿಯೋಗವು ನೇರವಾಗಿ ಹೋಯಿತು. ಉಳಿದವರು ಈಜಿಪ್ಟ್, ಅರೇಬಿಯಗಳ ಮಾರ್ಗವಾಗಿ ಬಂದು 1789ರ ಕೊನೆಯ ಹೊತ್ತಿಗೆ ಮಲಬಾರಿನ ಕರಾವಳಿಯನ್ನು ಸೇರಿದರು. ಅದೇ ದಿನಗಳಲ್ಲಿ ಟೀಪುವು ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದಿದ್ದನು. ಅದರಿಂದ ಹೊತ್ತಿದ ಯುದ್ಧದಲ್ಲಿ, 1791ರಲ್ಲಿ, ಅವನ ಜನ್ಮಸ್ಥಳವಾದ ದೇವನಹಳ್ಳಿಯ ಕೋಟೆಯೇ ಕಾರ್ನ್‌ವಾಲಿಸನ ವಶವಾಯಿತು.

ಈ ಸಾಹಸವನ್ನು ಕೇವಲ ಹುಚ್ಚುತನವೆಂದು ತಳ್ಳಿಹಾಕುವುದು ನ್ಯಾಯವಲ್ಲ; ದೂರದೃಷ್ಟಿಯೆಂದು ಕೊಂಡಾಡಿ ಬಿಟ್ಟುಬಿಡುವುದೂ ಸಾಲದು. ಯೋಚನೆಯು ದೊರೆಯದು, ಬೆಲೆಯನ್ನು ತೆತ್ತವರು ಬೇರೆಯವರು. ಅಬ್ದುಲ್ ಖಾದಿರನ ದಿನಚರಿಯು 1968ರಲ್ಲಿ ಇತಿಹಾಸಕಾರ ಮೊಹಿಬ್ಬುಲ್ ಹಸನರ ಸಂಪಾದಕತ್ವದಲ್ಲಿ ಅಚ್ಚಾದುದರಿಂದ ಪ್ರಯಾಣದ ಮೊದಲ ಭಾಗದ ವಿವರಗಳು ಬೆಳಕನ್ನು ಕಂಡುವು. ರಾಯಭಾರಿಗಳ ಹೆಸರುಗಳು ಚರಿತ್ರೆಯಲ್ಲಿ ನಿಂತಿವೆ. ಹಾಯಿ ಎಳೆದವರು, ಅಡಿಗೆ ಮಾಡಿದವರು, ಆನೆಗಳಿಗೆ ಮೇವಿಕ್ಕಿದವರು ಒಂದು ಮೊತ್ತದೊಳಗಿನ ಅಂಕೆಯಾಗಿ ಮಾತ್ರ ಉಳಿದಿರುವರು. ಅವರಿಗಾಗಿ ಕಾದ ಮನೆಗಳೆಷ್ಟು, ಸುದ್ದಿಯೇ ಬಾರದೆ ಹೋದ ಮನೆಗಳೆಷ್ಟು ಎಂಬುದನ್ನು ಯಾವ ದಫ್ತರವೂ ಹೇಳದು.

ತುರ್ಕಿಯ ಕಡಲೂರುಗಳಿಗೂ ಈಗ ಪ್ರವಾಸಿಗರು ಹಿಂಡುಹಿಂಡಾಗಿ ಹೋಗುವರು. ಅಲ್ಲಿಯ ಬೋದ್ರುಮ್ ಎಂಬ ವಿಹಾರದ ಊರು ಚರಿತ್ರೆಯ ಪಿತಾಮಹನೆನಿಸಿದ ಹೆರೊಡೋಟಸನು ಹುಟ್ಟಿದ ಹಾಲಿಕಾರ್ನಾಸಸ್ಸೇ ಆಗಿದೆ. ಕಡಲಿನಲ್ಲಿ ಮೀಯಲು ಹೋದವರು ಅದರ ಹಳೆಯ ಕಲ್ಲುಗಳನ್ನೂ ನೋಡಿ ಬರುವರು. 2008ರಿಂದ ದೇವನಹಳ್ಳಿಯ ನೆಲದಿಂದಲೇ ವಿಮಾನಗಳು ಹೊರದೇಶಗಳಿಗೆ ಹಾರುತ್ತಿರುವುದರಿಂದ, ಒಂದು ಕಾಲಕ್ಕೆ ವರ್ಷವನ್ನೇ ನುಂಗಿದ ಆ ದೂರವು ಈಗ ದಿನವೊಂದರ ಮಾತಾಗಿದೆ. ತದಡಿಯಲ್ಲಿ ನೋಡಲು ಅಂತಹ ಶಿಲಾವೈಭವವೇನೂ ಇಲ್ಲ. ಅಳಿವೆಯ ಕೆಸರಿನಲ್ಲಿ ಚಿಪ್ಪು ಆಯುವ ಹೆಂಗಸರು, ಉಪ್ಪುನೀರಿನಲ್ಲಿಯೂ ಬೆಳೆಯುವ ಕಗ್ಗ ಭತ್ತದ ಗದ್ದೆಗಳು, ಸಾಣಿಕಟ್ಟೆಯ ಉಪ್ಪಿನ ಆಗರಗಳು, ಇವೇ ಅಲ್ಲಿಯ ಸಂಪತ್ತು. 2024ರಲ್ಲಿ ಈ ಅಳಿವೆಯು ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ಪಟ್ಟಿಯನ್ನು ಸೇರಿತು. ಗೋಕರ್ಣದ ಯಾತ್ರೆಗೆ ಹೋದವರು ಅರ್ಧ ದಿನವನ್ನು ಈ ದಡಕ್ಕೆ ಮೀಸಲಿಟ್ಟರೆ ಶ್ರಮವು ವ್ಯರ್ಥವಾಗದು. ಕೋಟಿತೀರ್ಥದಲ್ಲಿ ಪಿತೃಗಳಿಗೆ ತಿಲೋದಕವನ್ನು ಬಿಡುವ ಕೈಗಳು, ಹೆಸರು ತಿಳಿಯದ ಆ 900 ಜನರನ್ನೂ ಒಮ್ಮೆ ನೆನೆದರೆ ಅದು ಉಚಿತವೇ ಸರಿ.