ಮೀನು ಒಲ್ಲೆನೆಂದ ಸೊಪ್ಪು

ಬೆಂಗಳೂರಿನ ಶಿವಾಜಿನಗರದಲ್ಲಿ ಅಲಂಕಾರಿಕ ಮೀನು ಮಾರುವುದು ನನ್ನ ಕಸುಬು. "ಗೋಲ್ಡ್‌ಫಿಶ್ ಜೊತೆ ಯಾವ ಗಿಡ ಉಳಿಯತ್ತೆ ಸಾರ್?" ಎಂದು ಕೇಳುವವರಿಗೆ ಎರಡೇ ಹೆಸರು ಹೇಳುತ್ತೇನೆ: ಅನುಬಿಯಾಸ್, ಜಾವಾ ಫರ್ನ್. ಆದರೆ ಅಕ್ವೇರಿಯಮ್ ಹುಟ್ಟಿದ ಕಾಲದಲ್ಲಿ ತೊಟ್ಟಿಗಳಲ್ಲಿ ಈ ಎರಡರ ಸುದ್ದಿಯೇ ಇರಲಿಲ್ಲ. ಆಗ ಗಿಡವನ್ನು ಗಾಜಿನ ತೊಟ್ಟಿಗೆ ಇಳಿಸಿದ್ದು ಚೆಂದಕ್ಕಲ್ಲ, ದುಡಿಮೆಗೆ.

ಲಂಡನ್ನಿನ ಅಪೋಥೆಕರೀಸ್ ಹಾಲ್‌ನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನಿದ್ದ. ಸುಮಾರು 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಗೆ ಅರ್ಧ ನೀರು ತುಂಬಿ, ತಳಕ್ಕೆ ಮರಳು, ಕೆಸರು, ಕಲ್ಲು ಹಾಕಿ, ಎರಡು ಪುಟ್ಟ ಗೋಲ್ಡ್‌ಫಿಶ್ ಬಿಟ್ಟು ಒಂದು ವ್ಯಾಲಿಸ್ನೇರಿಯಾ ಗಿಡ ನೆಟ್ಟ. ಮೀನು ಬಿಟ್ಟ ಉಸಿರನ್ನು ಗಿಡ ಹೀರಬೇಕು, ಗಿಡ ಕೊಟ್ಟ ಆಮ್ಲಜನಕದಲ್ಲಿ ಮೀನು ಬದುಕಬೇಕು ಎಂಬುದು ಅವನ ಲೆಕ್ಕ. ಸ್ವಲ್ಪ ದಿನ ಎಲ್ಲ ನೆಟ್ಟಗೆ ನಡೆಯಿತು. ಆಮೇಲೆ ಹಳೆಯ ಎಲೆ ಕೊಳೆತು ನೀರು ಕದಡಿತು. ಐದಾರು ಕೊಳದ ಬಸವನಹುಳು ತಂದು ಬಿಟ್ಟ. ಅವು ಕೊಳೆತ ಎಲೆಯನ್ನು ತಿಂದು ತೇಗಿದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. 1850ರಲ್ಲಿ ಈ ವರದಿಯನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟ. ಮೂರೇ ವರ್ಷಕ್ಕೆ ಲಂಡನ್ ಮೃಗಾಲಯ ಮೀನಿನ ಮನೆಯ ಬಾಗಿಲು ತೆರೆಯಿತು.

ಆ ಪ್ರಯೋಗ ಗೆದ್ದದ್ದು ಮೀನು ಪುಟ್ಟದಾಗಿದ್ದರಿಂದ, ಗಿಡ ಗಟ್ಟಿಯಾಗಿದ್ದರಿಂದ. ವ್ಯಾಲಿಸ್ನೇರಿಯಾದ ಪಟ್ಟಿಯಂಥ ಎಲೆ ಬುಡದಿಂದ ಬೆಳೆಯುತ್ತದೆ. ತುದಿ ಕಚ್ಚಿದರೂ ಮತ್ತೆ ಉದ್ದವಾಗುತ್ತದೆ, ಬಳ್ಳಿ ಹರಿದು ಮರಿ ಹಾಕುತ್ತದೆ. ಗೋಲ್ಡ್‌ಫಿಶ್ ಬೆಳೆದ ಮೇಲೆ ಕಥೆಯೇ ಬೇರೆ. ಅದು ಗೆಂಡೆ ಮೀನಿನ ವಂಶ. ಅದಕ್ಕೆ ಜಠರವಿಲ್ಲ, ಗಂಟಲಲ್ಲಿ ಹಲ್ಲುಂಟು. ತಿಂದದ್ದು ನೇರ ಕರುಳಿಗೆ ಇಳಿಯುವುದರಿಂದ ದಿನವಿಡೀ ಮೇಯುತ್ತಲೇ ಇರುತ್ತದೆ. ಮೇಯದಿದ್ದಾಗ ಮರಳು ಕೆದಕಿ ಗಿಡವನ್ನೇ ಕಿತ್ತು ತೇಲಿಸುತ್ತದೆ.

ಹೀಗಾಗಿ ಹವ್ಯಾಸಿಗಳ ಕಣ್ಣು ಬೇರೆ ಬಗೆಯ ಗಿಡದ ಮೇಲೆ ಬಿತ್ತು. ಜಾವಾ ಫರ್ನ್‌ಗೆ ಸಸ್ಯಶಾಸ್ತ್ರಜ್ಞ ಬ್ಲೂಮ್ ಹೆಸರಿಟ್ಟದ್ದು 1828ರಲ್ಲಿ. ಅನುಬಿಯಾಸ್ ಬಾರ್ಟೆರಿ ಪಶ್ಚಿಮ ಆಫ್ರಿಕದ್ದು. ನೈಜರ್ ನದಿಯ ಯಾತ್ರೆಯಲ್ಲಿ ಗಿಡ ಸಂಗ್ರಹಿಸುತ್ತಾ 1859ರಲ್ಲಿ ಅಲ್ಲೇ ತೀರಿಕೊಂಡ ಚಾರ್ಲ್ಸ್ ಬಾರ್ಟರ್‌ನ ಹೆಸರನ್ನು ಮರುವರ್ಷ ಶಾಟ್ ಎಂಬ ಸಸ್ಯಶಾಸ್ತ್ರಜ್ಞ ಅದಕ್ಕೆ ಕೊಟ್ಟ. ಎರಡೂ ತೊರೆಯ ಅಂಚಿನಲ್ಲಿ, ನೆರಳಲ್ಲಿ, ಕಲ್ಲು ಮತ್ತು ಮರದ ಬೊಡ್ಡೆಯನ್ನು ಅಪ್ಪಿ ಬೆಳೆಯುವಂಥವು. ಆದ್ದರಿಂದ ತೊಟ್ಟಿಯಲ್ಲೂ ಮರಳಲ್ಲಿ ನೆಡಬಾರದು. ಅವುಗಳ ಅಡ್ಡ ಮಲಗಿದ ದಪ್ಪ ಕಾಂಡ ಹೂತರೆ ಕೊಳೆಯುತ್ತದೆ. ದಾರದಿಂದ ಕಲ್ಲಿಗೆ ಕಟ್ಟಿದರೆ ಸಾಕು, ಮೀನು ಎಷ್ಟು ಕೆದಕಿದರೂ ಕೀಳಲು ಅಲ್ಲೇನೂ ಇರುವುದಿಲ್ಲ. ಅನುಬಿಯಾಸ್ ಎಲೆ ತೊಗಲಿನಷ್ಟು ಗಟ್ಟಿ. ಮೇಲಾಗಿ ಅದು ನಮ್ಮ ಕೆಸುವಿನ ದಾಯಾದಿ. ಪತ್ರೊಡೆಗೆ ಹುಣಸೆಹುಳಿ ಕಮ್ಮಿ ಹಾಕಿ ಗಂಟಲು ಕೆರೆದುಕೊಂಡವರಿಗೆ ಆ ವಂಶದ ಸೂಜಿಹರಳುಗಳ ಪರಿಚಯವಿದೆ. ಮೀನೂ ಒಮ್ಮೆ ಬಾಯಿಟ್ಟು ಉಗುಳಿ ಮುಂದೆ ಹೋಗುತ್ತದೆ.

ಆದರೆ ಈ ಗಟ್ಟಿತನಕ್ಕೆ ಬೆಲೆಯುಂಟು. ಬೇಗ ಬೆಳೆಯುವ ಗಿಡ ನೀರಿನ ಅಮೋನಿಯಾವನ್ನು ಬೇಗ ಹೀರುತ್ತದೆ, ಅದರ ಎಲೆ ಎಳಸು, ಮೀನಿಗೆ ರುಚಿ. ಅನುಬಿಯಾಸ್ ಒಂದು ಹೊಸ ಎಲೆ ಬಿಡಲು ವಾರಗಟ್ಟಲೆ ಬೇಕು, ಹೀರುವುದೂ ಅಷ್ಟಕ್ಕಷ್ಟೆ. ವಾರಿಂಗ್ಟನ್‌ನ ಪಾತ್ರೆಯಲ್ಲಿ ಅದನ್ನಿಟ್ಟಿದ್ದರೆ ಅವನ ಲೆಕ್ಕ ಕೂಡುತ್ತಿರಲಿಲ್ಲ. 20ನೇ ಶತಮಾನದಲ್ಲಿ ವಿದ್ಯುತ್ತಿನ ಏರ್ ಪಂಪು, ಫಿಲ್ಟರು ಮನೆಗಳಿಗೆ ಬಂದವು. ಫಿಲ್ಟರಿನ ಸ್ಪಂಜಿನಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವ ಹೊಣೆ ಹೊತ್ತ ಮೇಲೆಯೇ ಗಿಡಕ್ಕೆ ಸುಮ್ಮನೆ ನಿಲ್ಲುವ ಸ್ವಾತಂತ್ರ್ಯ ಸಿಕ್ಕಿದ್ದು. ಸೊಪ್ಪು ತಿನ್ನುವ ಮೀನಿನ ತೊಟ್ಟಿಯಲ್ಲಿ ಹಸಿರು ಉಳಿಸಿದ ಶ್ರೇಯಸ್ಸಿನಲ್ಲಿ ಅರ್ಧ ಗಿಡದ್ದು, ಅರ್ಧ ಮೋಟರಿನದು.

ಸೊಪ್ಪು ತಿನ್ನುವ ಇದೇ ಹಸಿವನ್ನು ಕೆಲಸಕ್ಕೆ ಹಚ್ಚಿದವರೂ ಇದ್ದಾರೆ. 1959ರಲ್ಲಿ ಹಾಂಗ್‌ಕಾಂಗ್‌ನಿಂದ ಕಟಕ್‌ಗೆ ಹುಲ್ಲುಗೆಂಡೆ ತಂದದ್ದೇ ಅದು ಸಸ್ಯ ಮೇಯುತ್ತದೆಂದು. ನಮ್ಮ ಸಾಕಣೆ ಹೊಂಡಗಳ ಹೈಡ್ರಿಲ್ಲಾ ಎಂಬ ನೀರುಗಿಡ ಅದಕ್ಕೆ ಮೃಷ್ಟಾನ್ನ.

ಆದ್ದರಿಂದ ನಾನು ಗಿರಾಕಿಗಳಿಗೆ ಹೇಳುವುದಿಷ್ಟು: ಗೋಲ್ಡ್‌ಫಿಶ್ ಇರಲಿ, ಸಿಲ್ವರ್ ಡಾಲರ್ ಇರಲಿ, ಸೊಪ್ಪು ತಿನ್ನುವುದನ್ನು ಬಿಡಿಸಲು ಹೋಗಬೇಡಿ. ಹೈಡ್ರಿಲ್ಲಾವನ್ನು ಮಹಡಿಯ ಮೇಲಿನ ಡ್ರಮ್ಮಿನಲ್ಲಿ ಬೆಳೆಸಿ ಆಗಾಗ ಒಂದು ಹಿಡಿ ಮೇವಾಗಿ ಹಾಕಿ. ನೋಡಲಿಕ್ಕೆ ಅನುಬಿಯಾಸ್ ಕಟ್ಟಿ. ಇನ್ನೂ ದುಡ್ಡು ಮಿಕ್ಕಿದರೆ ಮೂರನೇ ಗಿಡ ಕೊಳ್ಳಬೇಡಿ, ದೊಡ್ಡ ಫಿಲ್ಟರ್ ಕೊಳ್ಳಿ.